ಫಾದರ್ ಕಣ್ಣಿಗೆ ಬೀಳದ ತಿಪ್ಪೆ

ರಾಸ್‌ಕಾಮನ್ ಸೀಮೆಯ ಡೀಲಿಯಾ ಮಲ್ರೆನನ್‌ಗೆ ಇದ್ದದ್ದು ಎರಡು ಹಸು, ಕೆಟ್ಟ ಮೊಣಕಾಲು, ಒಂದು ಬಾವಿ. ಹಸುಗಳು ಹಾಲು ಕೊಡುವುದಕ್ಕಿಂತ ಒದೆಯುವುದೇ ಹೆಚ್ಚು, ಮೊಣಕಾಲಿನ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಹಾಗಾಗಿ ಜಂಬವೆಲ್ಲ ಬಾವಿಯ ಪಾಲಿಗೆ. "ನನ್ನ ಮುಖ ನೋಡೋಕೆ ಯಾರು ಬರ್ತಾರೆ? ಈ ಬಾವಿ ನೀರಿನ ಚಹಾ ಕುಡಿಯೋಕೆ ಬರ್ತಾರೆ," ಎಂದು ತಾನೇ ನಗುವಳು. ಊರಿಗೆಲ್ಲ ನಲ್ಲಿ ಬಂದಾಗ ಬೇಡವೆಂದವಳು ಅವಳೊಬ್ಬಳೇ. ರಸ್ತೆಯಾಚೆಯ ಸೊಸೆ ಫಿಡೆಲ್ಮಾಳ ಮನೆಯಲ್ಲಿ ನೀರು ಬಾಯಿಗಿಟ್ಟರೆ, "ಆಸ್ಪತ್ರೆ ನೆಲ ನೆಕ್ಕಿದ ಹಾಗಿದೆ ಕಣೇ," ಅನ್ನುವಳು.

ಆ ವಸಂತದಲ್ಲಿ ಮನೆಪೂಜೆಯ ಸರದಿ ಅವಳದು. ಫಾದರ್ ಬಂದು ಅಡುಗೆಮನೆಯ ಮೇಜಿನ ಮೇಲೇ ಪೂಜೆ ಮಾಡಿ, ನೆರೆಹೊರೆಯವರೆಲ್ಲ ಅಲ್ಲೇ ತಿಂಡಿ ತಿಂದು ಹೋಗುವ ದಿನ. ಸರದಿ ಬಂತೆಂದರೆ ಯಾವ ಮನೆಯವರ ತಲೆಯೂ ನೆಟ್ಟಗಿರುವುದಿಲ್ಲ. ಡೀಲಿಯಾ ಗೋಡೆಗೆ ಸುಣ್ಣ ಬಳಿದಳು, ಗೇಟಿಗೆ ಬಣ್ಣ ಹಚ್ಚಿದಳು. ಆಮೇಲೆ ಗೇಟಿನ ಪಕ್ಕದ ತಿಪ್ಪೆ ಕಣ್ಣಿಗೆ ಬಿತ್ತು. ಫಾದರ್ ಕಾರಿಂದ ಇಳಿದರೆ ಮೊದಲು ಕಾಣುವುದೇ ಅದು! ಟ್ರ್ಯಾಕ್ಟರ್ ಕರೆಸಿ ಇಡೀ ತಿಪ್ಪೆಯನ್ನು ಕೊಟ್ಟಿಗೆ ಹಿಂದಿನ ದಿಬ್ಬಕ್ಕೆ ಸಾಗಿಸಿದಳು. ಆಮೇಲೆ ಮಳೆ ಹಿಡಿಯಿತು.

ಕೂಸನ್ನೆತ್ತಿಕೊಂಡು ಬಂದ ಫಿಡೆಲ್ಮಾ ಬಾವಿ ನೀರಿನ ಲೋಟವನ್ನು ಬೆಳಕಿಗೆ ಹಿಡಿದಳು. "ನೀರು ಯಾಕೋ ಹಳದಿ ಇದೆ, ಅತ್ತೆ. ಪರೀಕ್ಷೆಗೆ ಕಳಿಸ್ತೀನಿ."

"ಕಳಿಸು, ಕಳಿಸು. ಅವರೂ ಒಂದ್ಸಲ ಒಳ್ಳೇ ನೀರು ನೋಡ್ಲಿ."

ಪೂಜೆಯ ಹಿಂದಿನ ದಿನ ಫಲಿತಾಂಶ ಬಂತು. "ಸಗಣಿ ರೋಗಾಣು ಇದೆಯಂತೆ, ಅತ್ತೆ. ಯಾರೂ ಕುಡೀಬಾರ್ದಂತೆ."

"ನನ್ನ ಬಾವಿಗೆ ಸಗಣಿ ಎಲ್ಲಿಂದ ಬರತ್ತೆ?"

ಫಿಡೆಲ್ಮಾ ಹಿಂದಿನ ಕಿಟಕಿ ತೆರೆದಳು. ಮೇಲೆ ತಿಪ್ಪೆ, ಕೆಳಗೆ ಬಾವಿ, ನಡುವೆ ಕಂದು ನೀರು ಇಳಿದು ಮಾಯವಾಗುತ್ತಿತ್ತು. ಆ ನೆಲದಡಿ ಬರೀ ಬಿರುಕುಬಿಟ್ಟ ಸುಣ್ಣಕಲ್ಲು, ಜರಡಿಯ ಹಾಗೆ. ಅಲ್ಲೇ ಹುಟ್ಟಿದ ಡೀಲಿಯಾಳಿಗೆ ಅದು ತಿಳಿಯದ್ದೇ? "ಫಾದರ್‌ಗೆ ಕಾಣಬಾರ್ದು ಅಂತ ಇಟ್ಟೆ. ಈಗ ಅವರಿಗೇ ಕುಡಿಸೋಕೆ ಹೊರಟಿದ್ದೆ ನೋಡು," ಎಂದಳು.

ಮರುದಿನ ಚಹಾಕ್ಕೆ ಸೊಸೆಯ ಮನೆಯ ನಲ್ಲಿ ನೀರು ಕದ್ದುಮುಚ್ಚಿ ಬಂತು. ಪೂಜೆ ಮುಗಿಯಿತು. "ಆಹಾ, ಡೀಲಿಯಾ ಬಾವಿ ನೀರಿಗೆ ಸಾಟಿ ಇಲ್ಲ ಬಿಡಿ!" ಎಂದರು ಎಲ್ಲರೂ. ಇವತ್ತೊಂದು ದಿನ ಮಾನ ಉಳಿಯಲಿ, ನಾಳೆ ಹೇಳಿದರಾಯಿತು ಎಂದು ಡೀಲಿಯಾ ತಲೆ ತಗ್ಗಿಸಿ ಹೊಗಳಿಕೆ ನುಂಗಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಅಟ್ರಾಕ್ಟಾ ಕೈಚೀಲದಿಂದ ಖಾಲಿ ಬಾಟಲಿ ತೆಗೆದಳು. "ನಮ್ಮವರು ನಿನ್ನೆ ಆಸ್ಪತ್ರೆಯಿಂದ ಬಂದ್ರು ಕಣೇ. ಮಾತ್ರೆ ನುಂಗೋಕೆ ನಿನ್ನ ಬಾವಿ ನೀರೇ ಬೇಕಂತೆ. ತುಂಬ್ಕೊಂಡು ಹೋಗ್ತೀನಿ," ಎಂದು ಹಿತ್ತಲ ಬಾಗಿಲಿಗೆ ನಡೆದಳು.

"ಬೇಡ!" ಡೀಲಿಯಾ ಕೂಗಿದ ರಭಸಕ್ಕೆ ಫಾದರ್ ಕೈಯ ಕಪ್ಪು ಅರ್ಧಕ್ಕೇ ನಿಂತಿತು. "ಅದ್ರಲ್ಲಿ ಸಗಣಿ ಇದೆ. ಸೇರಿಸಿದ್ದೂ ನಾನೇ. ಫಾದರ್, ನಿಮಗೆ ಕಾಣಬಾರ್ದು ಅಂತ ತಿಪ್ಪೆ ಬಾವಿ ತಲೆ ಮೇಲಿಟ್ಟೆ. ನೀವೆಲ್ಲ ಹೊಗಳಿದ್ದು ನಲ್ಲಿ ನೀರನ್ನ."

ಅಟ್ರಾಕ್ಟಾ ಬಾಟಲಿಗೆ ಮುಚ್ಚಳ ಹಾಕಿ, "ಅಂತೂ ನಿನ್ನ ನಾಲಿಗೆಗೆ ನಮ್ಮ ನಲ್ಲಿ ಹಿಡಿಸ್ತಲ್ಲ ಮಾರಾಯ್ತಿ," ಅಂದಳು. ಮೊದಲು ನಕ್ಕವರು ಫಾದರ್. ಆಮೇಲೆ ಕೋಟು ಕಳಚಿ, "ತಿಪ್ಪೆ ಎತ್ತೋ ಕವೆಗೋಲು ಎಲ್ಲಿದೆ?" ಎಂದು ಕೇಳಿದರು.

ಸಂಜೆಯೊಳಗೆ ತಿಪ್ಪೆ ಹೊಸ ಬಣ್ಣದ ಗೇಟಿನ ಪಕ್ಕಕ್ಕೆ ಮರಳಿತ್ತು. ಈಗಲೂ ಯಾರಾದರೂ ದಾರಿ ಕೇಳಿದರೆ ಡೀಲಿಯಾಳೇ ಹೇಳುತ್ತಾಳೆ: "ಮೊದಲು ತಿಪ್ಪೆ ಕಾಣತ್ತೆ. ಹಿಂದೆ ನಾನಿರ್ತೀನಿ. ಒಳಗೆ ಬನ್ನಿ, ನಲ್ಲಿ ನೀರಿನ ಚಹಾ ಇದೆ."