ಹಾಲಿನ ಮೇಲೆ ಹೊರಿಸಿದ ತಪ್ಪು

ಎರಡು ವರ್ಷದ ಹಿಂದಿನ ಬೇಸಿಗೆ. ನಾನಾಗ ರಾಮದುರ್ಗ ತಾಲ್ಲೂಕಿನ ಸುರೇಬಾನದ ಕಡೆ ಆರೋಗ್ಯ ಸಹಾಯಕಿ. ನಿವೃತ್ತಿ ಹತ್ತಿರವಿತ್ತು. ನಮ್ಮ ಮನೆಯವರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಆಗಷ್ಟೇ ಕೆಲಸಕ್ಕೆ ಮರಳಿದ್ದೆ. ಊರಿನವರು ಏನೂ ಅನ್ನುತ್ತಿರಲಿಲ್ಲ. ಆದರೂ ಬಿ.ಪಿ. ನೋಡಲು ಯಾರದಾದರೂ ತೋಳಿಗೆ ಪಟ್ಟಿ ಸುತ್ತುವಾಗ ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಗಂಡನನ್ನು ಉಳಿಸಿಕೊಳ್ಳಲಾಗದ ನರ್ಸು ನಾನು.

ಶಾಲೆಯ ತಪಾಸಣೆಯಲ್ಲಿ ಎಂಟು ವರ್ಷದ ಭಾಗ್ಯಾಳ ಮೊಣಕೈ, ಮೊಣಕಾಲುಗಳ ಮೇಲೆ ಹಳದಿ ಗಂಟುಗಳು ಕಂಡವು. ನೋವಿಲ್ಲ, ತುರಿಕೆಯಿಲ್ಲ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ಕೊಲೆಸ್ಟ್ರಾಲ್, ಅಂದರೆ ರಕ್ತದಲ್ಲಿನ ಕೊಬ್ಬು, ದೊಡ್ಡವರಿಗೂ ಇನ್ನೂರರ ಒಳಗಿದ್ದರೆ ಒಳ್ಳೆಯದು. ಈ ಮಗುವಿಗೆ ಐನೂರು ದಾಟಿತ್ತು. ತಡಮಾಡಿದರೆ ಹೃದಯಕ್ಕೆ ಅಪಾಯ, ಬೈಲಹೊಂಗಲದ ಮಕ್ಕಳ ಡಾಕ್ಟರಿಗೆ ತೋರಿಸಿ ಎಂದು ಮಗುವಿನ ಮನೆಗೆ ಹೇಳಿ ಕಳಿಸಿದೆವು. ಅವರು ಹೋಗಲೇ ಇಲ್ಲ. ನಾನೇ ಅವರ ಮನೆಗೆ ಹೋದೆ.

ಭಾಗ್ಯಾಳ ಅಜ್ಜಿ ಗಂಗವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು.

"ಬರ್ರಿ ನರ್ಸಬಾಯಾರ, ಕುಂತ್ಕೋರಿ. ನೀವು ಹೇಳಿದಂಗ ಆತು ನೋಡ್ರಿ."

"ನಾ ಏನ್ ಹೇಳಿದ್ನೆವ್ವಾ?"

"ಮರತ್ರೇನ? ಎದಿಹಾಲು ಕುಡದ ಕೂಸಿಗೆ ಮುಂದ ರಕ್ತದಾಗ ಕೊಬ್ಬ ಏರೂದಿಲ್ಲ ಅಂತ ಅಂಗನವಾಡ್ಯಾಗ ಹೇಳತಿದ್ರಲ್ಲಾ. ನಮ್ಮ ಸೊಸಿ ಒಂದ ತಿಂಗಳಾನೂ ಕುಡಸಲಿಲ್ಲ. ಎಮ್ಮಿಹಾಲಿನ ಮ್ಯಾಲ ಬೆಳದ ಕೂಸಿಗೆ ಕೊಬ್ಬ ಏರದ ಮತ್ತೇನ ಆಗತೈತಿ?"

ಸೊಸೆ ಶಾಂತಾ ಬಾಗಿಲಲ್ಲೇ ನಿಂತಿದ್ದಳು. ಹೆರಿಗೆಯಾದ ಮೇಲೆ ಅವಳ ಎದೆಗೆ ಕೀವಾಗಿ ರಾಮದುರ್ಗದಲ್ಲಿ ಕೊಯ್ದಿದ್ದರು. ಆ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿದವಳೇ ನಾನು. ಹಾಲು ನಿಂತದ್ದು ಅವಳ ತಪ್ಪಲ್ಲವೆಂದು ನನಗೂ ಗೊತ್ತು, ಗಂಗವ್ವನಿಗೂ ಗೊತ್ತು.

ಆದರೆ ಆ ಮಾತು ನನ್ನದೇ. ಎದೆಹಾಲು ಕುಡಿದವರಲ್ಲಿ ದೊಡ್ಡವರಾದ ಮೇಲೆ ಕೊಲೆಸ್ಟ್ರಾಲ್ ತುಸು ಕಡಿಮೆ ಇರಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ಸಭೆಯಲ್ಲಿ ನಾನು 'ತುಸು' ಬಿಟ್ಟೆ, 'ಇರಬಹುದು' ಬಿಟ್ಟೆ. ಅವೆರಡನ್ನೂ ಸೇರಿಸಿದರೆ ಹೆಂಗಸರು ಕೇಳದೆ ಎದ್ದು ಹೋಗುತ್ತಾರೆಂದು ನನ್ನ ಲೆಕ್ಕ.

ಹಿತ್ತಲಿಗೆ ಹೋಗಿ, ಬೈಲಹೊಂಗಲಕ್ಕೆ ಯಾಕೆ ಹೋಗಲಿಲ್ಲವೆಂದು ಶಾಂತಾಳನ್ನು ಕೇಳಿದೆ. ಅವಳು ಪಾತ್ರೆ ತಿಕ್ಕುತ್ತಲೇ ಹೇಳಿದಳು: "ಡಾಕ್ಟರೂ ಅದನ್ನ ಬರದ ಕೊಡತಾರ್ರಿ. ಮನ್ಯಾಗ ಅನ್ನಿಸ್ಕೊಳ್ಳೂದು ಸಾಲದೇನ್ರಿ, ಕಾಗದದ ಮ್ಯಾಲೂ ಬೇಕ?"

ನಾನು ಹುಟ್ಟಿಸಿದ ನಾಚಿಕೆ ಆ ಮಗುವನ್ನು ಮನೆಯಲ್ಲೇ ಕಟ್ಟಿಹಾಕಿತ್ತು.

ಪಡಸಾಲೆಗೆ ಬಂದಾಗ ಗಂಗವ್ವ ಮುಖ ಎತ್ತಿದರು. ಬಾಗಿಲ ಬೆಳಕು ಬಿತ್ತು. ಎರಡೂ ಕಣ್ಣಿನ ರೆಪ್ಪೆಗಳ ಮೇಲೆ, ಮೂಗಿನ ಬದಿಗೆ, ಹಳದಿ ಮಚ್ಚೆ. ನಮ್ಮವರಿಗೂ ಹಾಗೇ ಇತ್ತು. "ನಿನಗ ಕೊಡಸಬೇಕಾದ ಬಂಗಾರ ನನ್ನ ಕಣ್ಣ ಮ್ಯಾಲ ಕುಂತೈತಿ" ಎಂದು ಚೇಷ್ಟೆ ಮಾಡುತ್ತಿದ್ದರು. ರೊಟ್ಟಿ ಬಡಿಸುತ್ತ ವರ್ಷಗಟ್ಟಲೆ ನೋಡಿದೆ, ನಕ್ಕೆ. ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಲಿಲ್ಲ.

ಮೊಬೈಲಿನಲ್ಲಿದ್ದ ನಮ್ಮವರ ಹಳೆಯ ಫೋಟೋ ಹುಡುಕಿ ಗಂಗವ್ವನ ಕೈಗೆ ಕೊಟ್ಟೆ.

"ಇವರ ಕಣ್ಣ ನೋಡ್ರಿ. ಎಲ್ಲಾರಿಗೂ ಅಲ್ಲ, ಕೆಲವರಿಗೆ ಇದು ರಕ್ತದಾಗಿನ ಕೊಬ್ಬಿನ ಗುರುತು. ನಾ ನೋಡಿ ಸುಮ್ಮನಿದ್ದೆ. ಅವರು ಹೋದ್ರು. ಹಾಲಿನ ಬಗ್ಗೆ ನಾ ಹೇಳಿದ್ದೂ ಪೂರಾ ಖರೇ ಅಲ್ರಿ. ನೀವೆಲ್ಲಾರೂ ಬೈಲಹೊಂಗಲಕ್ಕ ಬರ್ರಿ."

ಗಂಗವ್ವ ಫೋಟೋ ನೋಡಿ ತಮ್ಮ ರೆಪ್ಪೆಯ ಮಚ್ಚೆ ಮುಟ್ಟಿಕೊಂಡರು. "ನಮ್ಮಣ್ಣಗೂ ಇದ್ವು" ಎಂದರು. "ಹೊಲದಾಗ ಕುಂತಾಂವ ಏಳಲೇ ಇಲ್ಲ." ಆ ಅಣ್ಣ ಬೇರೆ ಯಾರೂ ಅಲ್ಲ, ಶಾಂತಾಳ ತಂದೆ. ಅಣ್ಣನ ಮಗಳನ್ನೇ ಗಂಗವ್ವ ಮಗನಿಗೆ ತಂದುಕೊಂಡಿದ್ದರು.

ಬೈಲಹೊಂಗಲದಲ್ಲಿ ಗಂಗವ್ವ, ಅವರ ಮಗ, ಶಾಂತಾ ಮೂವರ ರಕ್ತವನ್ನೂ ನೋಡಿದರು. ಮೂವರಿಗೂ ಕೊಲೆಸ್ಟ್ರಾಲ್ ಹೆಚ್ಚಿತ್ತು. ಡಾಕ್ಟರು ಬಿಡಿಸಿ ಹೇಳಿದರು: "ಇದು ವಂಶದಿಂದ ಬಂದದ್ದು. ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು, ಎರಡೂ ಮಗುವಿಗೆ ಬಂದಿವೆ. ಎದೆಹಾಲು ಕುಡಿಸಿದ್ದರೂ ಇದು ತಪ್ಪುತ್ತಿರಲಿಲ್ಲ."

ಗಂಗವ್ವ ಸೆರಗನ್ನು ಬೆರಳಿಗೆ ಸುತ್ತುತ್ತ ಹೇಳಿದರು: "ಎರಡೂ ಪಾಲು ನನ್ನ ತವರಮನೀವ, ಸಾಹೇಬರ. ಈಕಿನ್ನ ಹಟಾ ಹಿಡದ ತಂದಾಕಿನೂ ನಾನ."

"ಇರ್ಲಿ ಬಿಡ ಅತ್ತಿ" ಎಂದಳು ಶಾಂತಾ. "ನಿನಗರ ಏನ್ ಗೊತ್ತಿತ್ತು."

ನನಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ.

ಭಾಗ್ಯಾ ಈಗ ಮಾತ್ರೆ ನುಂಗುತ್ತಾಳೆ, ಬೆಳಗಾವಿಯ ದೊಡ್ಡಾಸ್ಪತ್ರೆಗೆ ಹೋಗಿಬರುತ್ತಾಳೆ. ಗಂಟುಗಳು ಸ್ವಲ್ಪ ಇಳಿದಿವೆ. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಡಾಕ್ಟರು ಕೊಟ್ಟಿಲ್ಲ. ನಿವೃತ್ತಿಯವರೆಗೆ ಉಳಿದ ಸಭೆಗಳಲ್ಲಿ ಎದೆಹಾಲು ಕುಡಿಸಿ ಎಂದೇ ನಾನು ಹೇಳಿದೆ, 'ತುಸು', 'ಇರಬಹುದು' ಎರಡನ್ನೂ ಸೇರಿಸಿ. ಯಾರೂ ಎದ್ದು ಹೋಗಲಿಲ್ಲ. ಒಳ್ಳೆಯ ಮಾತನ್ನೂ ಅಳತೆ ಮೀರಿ ಹೇಳಿದರೆ ಅದು ಯಾರದೋ ಬೆನ್ನಿಗೆ ಬಾರುಕೋಲಾಗುತ್ತದೆ ಎಂಬುದನ್ನು ಈ ಕೆಲಸ ನನಗೆ ಕೊನೆಗಾಲದಲ್ಲಿ ಕಲಿಸಿತು.

ನಮ್ಮವರ ಫೋಟೋಕ್ಕೆ ಕಟ್ಟು ಹಾಕಿಸಿದಾಗ ಸ್ಟುಡಿಯೋದವನು ಕಣ್ಣಿನ ಮಚ್ಚೆಗಳನ್ನು ಅಳಿಸಿ ಮುಖ ಚೊಕ್ಕ ಮಾಡಿಕೊಟ್ಟಿದ್ದ. ನಾನೂ ಒಪ್ಪಿ ತಂದಿದ್ದೆ. ಬೈಲಹೊಂಗಲದಿಂದ ಬಂದ ವಾರ ಅದನ್ನು ವಾಪಸು ಒಯ್ದೆ.

"ಯಾಕ್ರಿ ಬಾಯಾರ, ಚಲೋ ಬಂದಿಲ್ಲೇನ್ರಿ?" ಎಂದ.

"ಚಲೋ ಐತಿ. ಅವರ ಮಚ್ಚೆ ಹಂಗ ಇರಲಿ, ಇನ್ನೊಂದ ತಗದ ಕೊಡು" ಎಂದೆ. ಈಗ ಮನೆಗೆ ಬಂದವರಿಗೆಲ್ಲ ಅದು ಕಾಣುತ್ತದೆ.