ಗಾಯದ ಗೆರೆಯ ಕೆಳಗೆ

ಅವರ ಎಡಗಿವಿಯ ಮುಂದಿನಿಂದ ಹೊರಟು ನೆತ್ತಿಯನ್ನು ಬಳಸಿ ಹಿಂದಕ್ಕಿಳಿಯುತ್ತಿದ್ದ ಗಾಯದ ಗೆರೆ ಕುದುರೆಯ ಲಾಳದಂತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ದುರ್ಗಿಗುಡಿ ಬಡಾವಣೆಯಲ್ಲಿ ನಾನು ನಿತ್ಯ ಕೂತು ಓದುತ್ತಿದ್ದ ಗ್ರಂಥಾಲಯಕ್ಕೆ ಅವರು ರಜೆ ಮುಗಿಸಿ ಮರಳಿದ ದಿನ, ಬೋಳುತಲೆಯ ಮೇಲೆ ಅದಿನ್ನೂ ಕೆಂಪಾಗಿತ್ತು.

ಭದ್ರಾವತಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದ ಆ ಗ್ರಂಥಪಾಲಕರಿಗೆ ನನ್ನ ಸಂಶೋಧನೆ ಬಹುವಾಗಿ ಋಣಿ. ಒಂದೇ ಆಧಾರ ಹಿಡಿದು ಹೋದರೆ ಪುಸ್ತಕ ಕೊಡುವ ಮೊದಲೇ ಕೇಳುವರು: “ಇನ್ನೊಬ್ಬ ಸಾಕ್ಷಿ ಎಲ್ಲಿ ಸಾರ್?”

ಮೆದುಳಿನ ಹೊದಿಕೆಯಲ್ಲಿ ಬೆಳೆದಿದ್ದ ಗಡ್ಡೆಯನ್ನು ತೆಗೆದಾಗಿತ್ತು. ಇಂಥವು ಸಾಮಾನ್ಯವಾಗಿ ಬೇರೆಡೆ ಹರಡುವುದಿಲ್ಲವೆಂದು ವೈದ್ಯರು ಹೇಳಿದ್ದರು. ತಪಾಸಣೆಗೆ ಬರುತ್ತಿರಬೇಕೆಂದೂ ಹೇಳಿದ್ದರು. ಮನೆಯವರ ಕಿವಿಯಲ್ಲಿ ಉಳಿದದ್ದು ಮೊದಲ ಮಾತು.

ಮರುವರ್ಷ ಪತ್ನಿ ಗರ್ಭಿಣಿಯಾದರು. ಹೆರಿಗೆಯಾಗುವ ತನಕ ಗಂಡ ಕ್ಷೌರ ಮಾಡಿಸಬಾರದೆಂಬ ನಿಯಮವನ್ನು ಗ್ರಂಥಪಾಲಕರ ತಾಯಿ ಬಿಗಿಯಾಗಿ ಹಿಡಿದರು. ಕೂದಲು ಗೆರೆಯನ್ನು ಮುಚ್ಚಿ ಕಾಲರಿನ ಮೇಲೆ ಇಳಿಯಿತು.

“ಏನ್ ಮಾರಾಯ್ರೆ, ಹಿಮಾಲಯಕ್ಕೆ ಹೊರಟಿದೀರಾ?” ಎಂದು ಛೇಡಿಸಿದೆ.

ನಕ್ಕು ತಲೆ ಬಾಚಿಕೊಂಡರು. ಕಿವಿಯ ಮೇಲೆ ಒಂದೆಡೆ ಬಾಚಣಿಗೆ ತಡೆದು, ಬಳಸಿಕೊಂಡು ಹೋಯಿತು. ನಾನು ಗಮನಿಸಿದ್ದು ಅವರಿಗೆ ತಿಳಿಯಿತು.

“ಹೊಲಿಗೆ ಜಾಗ ಸಾರ್. ಸ್ವಲ್ಪ ಗಂಟು ಕಟ್ಟಿದೆ, ನೋವಿಲ್ಲ.”

“ತೋರಿಸಿದ್ರಾ?”

“ತೋರಿಸಿದ್ರೆ ಮೊದ್ಲು ಕೂದ್ಲು ಬೋಳಿಸ್ತಾರೆ. ನಮ್ಮಮ್ಮ ಆಸ್ಪತ್ರೆ ಬಾಗ್ಲಲ್ಲೇ ಧರಣಿ ಕೂರ್ತಾರೆ. ಹೆರಿಗೆ ಆಗ್ಲಿ, ಬಿಡಿ.”

ಈ ವಾರವೇ ಹೋಗಿ ಬನ್ನಿ ಎಂದೆ. ಅವರು ನಾನು ಕೇಳಿದ್ದ ಸಂಪುಟವನ್ನು ಹುಡುಕಲು ಎದ್ದರು. ಮಳೆಗಾಲ ಕಳೆಯುವಷ್ಟರಲ್ಲಿ ಒಂದಿದ್ದದ್ದು ಎರಡಾಗಿ, ಕೂದಲಿನ ಮೇಲಿಂದಲೂ ಉಬ್ಬು ಕಾಣುತ್ತಿತ್ತು.

ಹೆಣ್ಣುಮಗು ಹುಟ್ಟಿತು. ಭದ್ರಾವತಿಯ ಕ್ಷೌರಿಕ ಅರ್ಧ ತಲೆ ಮುಗಿಸಿ ಕತ್ತರಿ ಕೆಳಗಿಟ್ಟನಂತೆ: “ಮೊದ್ಲು ಡಾಕ್ಟ್ರತ್ರ ಹೋಗಿ ಸಾಮಿ.”

ಅದೇ ಗಡ್ಡೆ ನೆತ್ತಿಯ ಚರ್ಮದಡಿ ಬೇರೂರಿತ್ತು. ತಲೆಬುರುಡೆಯ ಒಳಗೂ ಮತ್ತೆ ಬೆಳೆದಿತ್ತು. ಬಹಳ ಅಪರೂಪ, ಶಸ್ತ್ರಕ್ರಿಯೆಯ ದಾರಿಯಲ್ಲೇ ಕಣಗಳು ಉಳಿದು ಬೆಳೆದಿರಬಹುದು ಎಂದರು ವೈದ್ಯರು. ಎರಡನೆಯ ಶಸ್ತ್ರಕ್ರಿಯೆಯಾದ ಮೇಲೂ ಉಬ್ಬುಗಳು ಎದ್ದವು. ಅವರು ತೀರಿಕೊಂಡಾಗ ಮಗು ಆಗಷ್ಟೇ ನಿಲ್ಲಲು ಕಲಿಯುತ್ತಿತ್ತು.

ಉಬ್ಬು ಮೊದಲು ಕಂಡದ್ದು ಸೀಮಂತಕ್ಕೆ ಮುಂಚೆಯೋ ಅನಂತರವೋ? ಅವರ ತಮ್ಮ ಅನಂತರ ಎನ್ನುತ್ತಾರೆ; ನನ್ನ ನೆನಪು ಮುಂಚೆ ಎನ್ನುತ್ತದೆ. ಇದನ್ನು ಬರೆಯುವ ಮುನ್ನ ಅವರ ಪತ್ನಿಯನ್ನೇ ಕೇಳಿದೆ.

“ಗೊತ್ತಿಲ್ಲ ಸಾರ್. ಮಗು ಕೈ ಯಾವಾಗ್ಲೂ ಅಲ್ಲಿಗೇ ಹೋಗೋದು. ನಾನು ಬಿಡಿಸಕ್ಕೆ ಹೋದ್ರೆ, ‘ಇರ್ಲಿ ಬಿಡೆ, ಅವಳಿಗೆ ನನ್ನ ಗುರುತು ಸಿಗೋದೇ ಅದ್ರಿಂದ’ ಅಂತ ತಲೆ ಬಗ್ಗಿಸಿ ಕೊಡ್ತಿದ್ರು.”