ಬಂದೂಕಿನ ಬಾಯಿಗಿಟ್ಟ ಹೂ

ಬೆಳಿಗ್ಗೆ ಆರೂ ಕಾಲು. ಕೆಟ್ಟದ್ದು ಶುರುವಾದದ್ದು ಆಗ. ಆದರೆ ಆ ಹೊತ್ತಿನಲ್ಲಿ ಅಲ್ಲಿದ್ದ ನಾವು ಮೂವರೂ ನಗುತ್ತಿದ್ದೆವು.

ಮೊನ್ನೆ ಕತಾರಿನ ಅಲ್ ವಕ್ರಾದ ನಮ್ಮ ಫ್ಲ್ಯಾಟಿನಲ್ಲಿ ಬಡಗಿಯೊಬ್ಬ ಊಟದ ಮೇಜಿಗೆ ಅಗಸೆ ಎಣ್ಣೆ ಉಜ್ಜುತ್ತಿದ್ದ. ವಾಸನೆ ಅಡುಗೆಮನೆಯವರೆಗೂ ಬಂತು. ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಮಾತ್ರ ಕೈಯಲ್ಲಿದ್ದ ಕಾಫಿ ಮರೆತು ನಿಂತುಬಿಟ್ಟೆ. ಕೊಡಗಿನ ಅಂಕಲ್‌ರ ಅಂಗೈಗೆ ಒಂದು ಇಡೀ ಬೇಸಿಗೆ ಇದೇ ವಾಸನೆಯಿತ್ತು...

ನನಗೆ ಮದುವೆಯಾಗುವ ಮುಂಚಿನ ಮಾತು. ಮದೀನತ್ ಖಲೀಫಾದಲ್ಲಿ ಒಂದು ವಿಲ್ಲಾವನ್ನು ನಾಲ್ಕು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಒಂದು ಭಾಗದಲ್ಲಿ ನಾನು, ಪಕ್ಕದ ಭಾಗದಲ್ಲಿ ಅಂಕಲ್ ಮತ್ತು ಆಂಟಿ. ಅಂಕಲ್ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಮ್ಯಾನೇಜರ್. ಎತ್ತರದ ಆಳು, ದಪ್ಪ ಮೀಸೆ, ಅದಕ್ಕಿಂತ ದಪ್ಪ ಮಾತು. ಅವರ ಮಾತು ಹೇಗೆ ಶುರುವಾದರೂ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಬಂದೂಕಿನ ಹತ್ತಿರ. "ನೀವು ಮೈಸೂರಿನವರು ದಸರಾದಲ್ಲಿ ತುಪಾಕಿ ನೋಡಿದವರು. ನಾವು ಅದನ್ನು ಮನೆಯಲ್ಲಿ ಇಟ್ಟುಕೊಂಡವರು ಮಾರಾಯ" ಎನ್ನುತ್ತಿದ್ದರು. ಒಳಗಿನಿಂದ ಆಂಟಿ, "ಇಲ್ಲಿ ಒಂದು ಜಿರಳೆ ಹೊಡೆಯೋಕೆ ನನ್ನನ್ನ ಕರೀತಾರೆ, ಕೇಳು" ಅನ್ನುತ್ತಿದ್ದರು.

ವಿಲ್ಲಾದ ಮಾಲೀಕರು ಕತಾರಿನವರೇ, ನಿವೃತ್ತ ಸರ್ಕಾರಿ ನೌಕರರು. ಉಮ್ಮ್ ಸಲಾಲ್ ಕಡೆ ಅವರಿಗೊಂದು ಖರ್ಜೂರದ ತೋಟ. ಅಲ್ಲಿ ಅವರ ಅಜ್ಜನ ಕಾಲದ ಮಿಲಿಟರಿ ಬಂದೂಕೊಂದಿತ್ತು, ತ್ರೀ ನಾಟ್ ತ್ರೀ. ಕಾಗದಪತ್ರವೆಲ್ಲ ಅವರ ಹೆಸರಿನಲ್ಲಿ ಸರಿಯಾಗಿತ್ತು. ಅಣ್ಣತಮ್ಮಂದಿರೊಂದಿಗೆ ಚಳಿಗಾಲದಲ್ಲಿ ಹೊರದೇಶಕ್ಕೆ ಬೇಟೆಗೆ ಹೋಗುವುದು ಅವರ ವಾಡಿಕೆ. ತಮ್ಮಂದಿರು ಹೊಸ ಹೊಸ ಬಂದೂಕು ಕೊಂಡಿದ್ದರು. ಇವರಿಗೆ ಅಷ್ಟು ಖರ್ಚು ಮಾಡುವ ಮನಸ್ಸಿಲ್ಲ, ಅಜ್ಜನದನ್ನು ಬಿಡುವ ಮನಸ್ಸೂ ಇಲ್ಲ. ಆದರೆ ಅದು ಉದ್ದ, ವಿಪರೀತ ಭಾರ. ಬಾಡಿಗೆ ಕೊಡಲು ಹೋದಾಗ ಈ ಮಾತು ಬಂತು. ಅಂಕಲ್ ಎದೆ ಮುಟ್ಟಿಕೊಂಡು, "ನನಗೆ ಬಿಡಿ. ಬೇಟೆ ಬಂದೂಕು ಮಾಡಿಕೊಡ್ತೇನೆ" ಎಂದು ಹಿಂದಿಯಲ್ಲಿ ಹೇಳಿಯೇಬಿಟ್ಟರು. ಮಾಲೀಕರು ನಕ್ಕು, "ಚೆನ್ನಾಗಿ ಬಂದರೆ ಈ ಸಲ ನೀನೂ ನಮ್ಮ ಜೊತೆ ಬೇಟೆಗೆ" ಎಂದರು.

ಅಂಕಲ್‌ಗೆ ಅಷ್ಟು ಸಾಕಾಯಿತು. ಮೂವತ್ತು ವರ್ಷದಿಂದ ಊರು ಬಿಟ್ಟು ಲೆಕ್ಕ ಬರೆಯುತ್ತಿದ್ದ ಮನುಷ್ಯ. ಊರಿನ ಮನೆಯ ಕೋವಿ ಅಣ್ಣನ ಮಕ್ಕಳ ಪಾಲಿಗೆ ಹೋಗಿತ್ತು. ಇನ್ನೊಮ್ಮೆ ಬೇಟೆಗೆ ಹೋಗುವುದೊಂದೇ ಅವರಿಗೆ ಉಳಿದಿದ್ದ ಆಸೆ ಎಂದು ಆಂಟಿ ನನಗೆ ಹೇಳಿದ್ದರು.

ಬಂದೂಕು ತೋಟ ಬಿಟ್ಟು ಹೊರಗೆ ಬರುವಂತಿರಲಿಲ್ಲ. ಹಾಗಾಗಿ ಪ್ರತಿ ಶುಕ್ರವಾರ ಬೆಳಿಗ್ಗೆ ನನ್ನ ಕಾರಿನಲ್ಲಿ ನಾವೇ ಅಲ್ಲಿಗೆ ಹೋಗುತ್ತಿದ್ದೆವು. ಶೆಡ್ಡಿನಲ್ಲಿ ಕೂತು ಅಂಕಲ್ ನಳಿಗೆಯ ಉದ್ದಕ್ಕೂ ಇದ್ದ ಮರ ಕೊಯ್ದು ಗಿಡ್ಡ ಮಾಡಿದರು. ಸೈನ್ಯದವರಿಗೆ ಬೇಕಾಗಿದ್ದ ಕಬ್ಬಿಣದ ಪಟ್ಟಿ, ಕೊಂಡಿಗಳನ್ನು ಬಿಚ್ಚಿದರು. ಹಿಡಿಯನ್ನು ಮರಳು ಕಾಗದದಲ್ಲಿ ತಿಕ್ಕಿದರು, ಎಣ್ಣೆ ಹಚ್ಚಿದರು, ಒಣಗಿಸಿದರು, ಮತ್ತೆ ತಿಕ್ಕಿದರು. ಬೆವರು ಗಲ್ಲದಿಂದ ಮರದ ಮೇಲೆ ತೊಟ್ಟಿಕ್ಕಿದರೆ ಬೈದುಕೊಳ್ಳುತ್ತಿದ್ದರು. ತಿಂಗಳುಗಳ ಮೇಲೆ, ಕಪ್ಪು ಹಿಡಿದಿದ್ದ ಮರದಲ್ಲಿ ಜೇನಿನ ಬಣ್ಣದ ಗೆರೆಗಳು ಎದ್ದವು. ಮಾಲೀಕರು ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತದ್ದು ನೆನಪಿದೆ.

ಮೊದಲ ಗುಂಡಿಗೆ ಅಂಕಲ್ ಆರಿಸಿದ್ದು ಕೈಲ್ ಪೊಳ್ದ್ ದಿನ. ಕೊಡವರ ಆಯುಧಪೂಜೆ ಅದು. ಕೋವಿಯ ಬಾಯಿಗೆ ತೋಕ್ ಪೂ ಎಂಬ ಕೆಂಪು-ಹಳದಿ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಸೆಪ್ಟೆಂಬರಿನ ಕತಾರಿನಲ್ಲಿ ತೋಕ್ ಪೂ ಎಲ್ಲಿಂದ ಬರಬೇಕು? ಆಂಟಿ ಅಂಗಡಿಯಿಂದ ಅದೇ ಬಣ್ಣದ ಪ್ಲಾಸ್ಟಿಕ್ ಹೂ ತಂದುಕೊಟ್ಟರು. ತಂತಿಯ ತೊಟ್ಟು ಸಡಿಲವಾಗಿತ್ತು. ಬೀಳದಿರಲೆಂದು ಅಂಕಲ್ ಅದಕ್ಕೆ ಹತ್ತಿ ಸುತ್ತಿ ನಳಿಗೆಯೊಳಗೆ ಬಿಗಿಯಾಗಿ ತುರುಕಿದರು. ಊದುಬತ್ತಿ ಹಚ್ಚಿದರು. ಮಾಲೀಕರು ದೂರ ನಿಂತು ಮರ್ಯಾದೆಯಿಂದ ನೋಡುತ್ತಿದ್ದರು.

ಪೂಜೆ ಮುಗಿಯಿತು. ಆರೂ ಕಾಲಿಗೆ ಅಂಕಲ್ ಹೂ ಎಳೆದರು, ಅದು ಕೈಗೆ ಬಂತು. "ಗಂಡು ಹೂವೋ ಹೆಣ್ಣು ಹೂವೋ?" ಎಂದು ಮಾಲೀಕರು ಕೇಳಿದ್ದಕ್ಕೆ ನಾವೆಲ್ಲ ನಕ್ಕೆವು. ನಗುತ್ತಲೇ ಅಂಕಲ್ ಅದನ್ನು ಜೇಬಿಗೆ ಹಾಕಿಕೊಂಡರು.

ತೆಂಗಿನಕಾಯಿ ಕಂಬದ ಮೇಲೆ ಕೂತಿತ್ತು. ತಮ್ಮ ಫೋಟೋ ತೆಗೆಯಲು ಅಂಕಲ್ ನನ್ನನ್ನು ಬಂದೂಕಿನ ಬಾಯಿಯ ಪಕ್ಕಕ್ಕೆ ನಿಲ್ಲಿಸಿದರು, ನೀರಿನ ನೀಲಿ ಡ್ರಮ್ಮಿನ ಮುಂದೆ. "ಮುಖ ಪೂರಾ ಬರ್ಬೇಕು ಮಾರಾಯ. ಊರಿಗೆ ಕಳಿಸೋ ಫೋಟೋ." ಅಷ್ಟರಲ್ಲಿ ಮಾಲೀಕರು ಕೈ ಅಡ್ಡ ಹಿಡಿದರು.

"ಮೊದಲು ಹಗ್ಗ."

ರಿಪೇರಿಯಾದ ಬಂದೂಕಿನ ಮೊದಲ ಗುಂಡನ್ನು ಹೆಗಲಿಗಿಟ್ಟು ಹೊಡೆಯಬಾರದು, ಟೈರಿಗೆ ಕಟ್ಟಿ ದೂರದಿಂದ ಹಗ್ಗ ಎಳೆಯಬೇಕು ಎನ್ನುವುದು ಅವರ ತಂದೆಯ ಕ್ರಮವಂತೆ. ಅಂಕಲ್ ಮುಖ ಕಪ್ಪಿಟ್ಟಿತು.

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ ನಿಮಗೆ?"

"ನಿನ್ನ ಮೇಲಿದೆ. ಇದರ ಮೇಲಿಲ್ಲ. ಯಲ್ಲಾ, ಬೇಗ ಕಟ್ಟು."

ಗೊಣಗುತ್ತಲೇ, ತಾವು ನಿಂತಿದ್ದಲ್ಲೇ ಟೈರು ಪೇರಿಸಿ ಕಟ್ಟಿದರು. ನಾವು ಪಿಕಪ್ಪಿನ ಹಿಂದೆ ಕೂತೆವು. ಅಂಕಲ್ ಹಗ್ಗ ಎಳೆದರು.

ಆ ಸದ್ದು ಗುಂಡಿನ ಸದ್ದಿನ ಹಾಗಿರಲಿಲ್ಲ. ದಪ್ಪ ಗಾಜು ಕಿವಿಯೊಳಗೇ ಒಡೆದ ಹಾಗಿತ್ತು. ಎದ್ದು ನೋಡಿದರೆ ನಳಿಗೆಯ ತುದಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿರಿದು ಹಿಂದಕ್ಕೆ ಬಾಗಿತ್ತು. ತೆಂಗಿನಕಾಯಿ ಕಂಬದ ಮೇಲೆ ಇದ್ದಲ್ಲೇ ಇತ್ತು. ನೀಲಿ ಡ್ರಮ್ಮಿನಿಂದ ನೀರು ಸಣ್ಣಗೆ ಚಿಮ್ಮುತ್ತಿತ್ತು. ನಾನು ಹತ್ತಿರ ಹೋಗಿ ನಿಂತೆ. ತೂತು ನನ್ನ ಎದೆಯ ಮಟ್ಟಕ್ಕಿತ್ತು.

ಮಾಲೀಕರು ಅಜ್ಜನ ಬಂದೂಕನ್ನು ಬಹಳ ಹೊತ್ತು ನೋಡಿದರು. "ಹಳೆಯ ಕಬ್ಬಿಣ. ಖಲಾಸ್" ಎಂದರು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಅಂಕಲ್ ಸುಮ್ಮನಿದ್ದಿದ್ದರೆ ತಪ್ಪು ಕಬ್ಬಿಣದ್ದೇ ಆಗುತ್ತಿತ್ತು. ಆದರೆ ಅವರು ಜೇಬಿನಿಂದ ಹೂ ತೆಗೆದು ತಿರುಗಿಸಿ ನೋಡಿದರು. ಕೈಯಲ್ಲಿದ್ದದ್ದು ಬರೀ ಹೂವಿನ ತಲೆ. ತಂತಿ, ಹತ್ತಿ ಎರಡೂ ನಳಿಗೆಯೊಳಗೇ ಉಳಿದು ಗುಂಡಿಗೆ ಅಡ್ಡವಾಗಿದ್ದವು.

"ಕಬ್ಬಿಣ ಚೆನ್ನಾಗಿತ್ತು. ಇದು ನನ್ನದು" ಎಂದು ಅದನ್ನು ಮಾಲೀಕರ ಅಂಗೈಗೆ ಇಟ್ಟರು. ಮಾಲೀಕರು ಬಂದೂಕು ಎತ್ತಿಕೊಂಡು ಒಳಗೆ ಹೋದರು. ಬರುವಾಗ ಕಾರಿನಲ್ಲಿ ಅಂಕಲ್ ಒಂದೇ ಒಂದು ಮಾತಾಡಿದರು: "ನಿನ್ನನ್ನ ಅಲ್ಲಿ ನಿಲ್ಲಿಸಿದ್ದೆನಲ್ಲ ಮಾರಾಯ..."

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಡ್ರಮ್ಮಿನ ಮುಂದೆ ನಿಂತಿರುತ್ತಿದ್ದೆ, ಕೈಯಲ್ಲಿ ಫೋನು, ಎದುರಿಗೆ ಅಂಕಲ್ ಮುಖ, ಹಗ್ಗ ಮಾತ್ರ ಇಲ್ಲ. ಮೇಲಿನ ಮನೆಯಲ್ಲಿ ಕುರ್ಚಿ ಬಿದ್ದರೂ ಎದ್ದು ಕೂರುತ್ತಿದ್ದೆ. ಅಂಕಲ್‌ಗೆ ಇದು ಹೇಗೋ ಗೊತ್ತಾಯಿತು. ದಿನಾ ಬೆಳಿಗ್ಗೆ ನಾನು ಕಾರು ತೆಗೆಯುವಾಗ ಗೇಟಿನ ಹತ್ತಿರ ನಿಂತು, "ಬಂತಾ?" ಎಂದು ಕೇಳುತ್ತಿದ್ದರು. "ಸ್ವಲ್ಪ ಬಂತು ಅಂಕಲ್" ಎನ್ನುತ್ತಿದ್ದೆ. ಆಂಟಿ ಡಬ್ಬಿಯಲ್ಲಿ ಕಡಂಬುಟ್ಟು ಎಂಬ ಅಕ್ಕಿ ಉಂಡೆ, ಕೋಳಿಸಾರು ಕೊಟ್ಟು ಕಳಿಸುತ್ತಿದ್ದರು, ನಿದ್ದೆಗೆ ಅದೇ ಮದ್ದು ಎನ್ನುವ ಹಾಗೆ.

ಚಳಿಗಾಲ ಬಂದಾಗ ವಿಲ್ಲಾದ ಮುಂದೆ ಮಾಲೀಕರ ಗಾಡಿ ನಿಂತಿತು. ಬಾಡಿಗೆಗಿರಬೇಕು ಎಂದುಕೊಂಡೆವು. ಅವರು ಗಾಡಿಯಿಂದ ಇಳಿಯದೆ, "ಪಾಸ್‌ಪೋರ್ಟ್ ತಾ. ವೀಸಾ ಮಾಡಿಸಬೇಕು" ಎಂದರು.

"ಬಂದೂಕೇ ಇಲ್ವಲ್ಲ" ಎಂದರು ಅಂಕಲ್.

"ಬಂದೂಕು ತಮ್ಮಂದಿರ ಹತ್ತಿರ ಬೇಕಾದಷ್ಟಿದೆ. ನಿಜ ಹೇಳುವವನು ಜೊತೆಗಿದ್ದರೆ ಬೇಟೆ ಸುರಕ್ಷಿತ. ಹೂ ಮಾತ್ರ ತರಬೇಡ."

ಬೇಟೆಯಿಂದ ಹಿಂದಿರುಗಿದ ಅಂಕಲ್ ಹತ್ತು ವರ್ಷ ಚಿಕ್ಕವರಾಗಿದ್ದರು. ಹೊಡೆದದ್ದು ಒಂದು ಮೊಲ, ಹೇಳಿದ್ದು ಒಂದು ವರ್ಷಕ್ಕಾಗುವಷ್ಟು ಕಥೆ. ಪ್ರತಿಸಲ ಹೇಳುವಾಗಲೂ ಮೊಲ ಸ್ವಲ್ಪ ದೊಡ್ಡದಾಗುತ್ತಿತ್ತು. ಆಂಟಿ, "ಈಗ ಅದಕ್ಕೆ ಕೊಂಬೂ ಬಂದಿದೆ" ಎಂದು ನಗುತ್ತಿದ್ದರು. ಒಂದೆರಡು ವರ್ಷಕ್ಕೆ ಅಂಕಲ್ ನಿವೃತ್ತರಾಗಿ, ಇಬ್ಬರೂ ಮಡಿಕೇರಿ ಸೇರಿದರು. ಅಲ್ಲಿಂದಲೂ ಫೋನು ಬರುತ್ತಿತ್ತು. ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಮನೆ ಬದಲಾಯಿತು. ಅವರ ಮೊದಲ ಮಾತು ಮಾತ್ರ ಬದಲಾಗಲಿಲ್ಲ: "ಬಂತಾ?"

ಹೋದ ತಿಂಗಳು ಫೋನು ಮಾಡಿದ್ದು ಆಂಟಿ. ಅಂಕಲ್ ಹೋಗಿಬಿಟ್ಟಿದ್ದರು. ಆಂಟಿ ಅಳಲಿಲ್ಲ. "ಈಗ ಅಂಗಳದಲ್ಲಿ ಗುಂಡು ಹಾರಿಸ್ತಾರೆ. ನಮ್ಮಲ್ಲಿ ಸಾವಿಗೆ ಎರಡು. ನಿನಗೆ ಸದ್ದು ಆಗೋದಿಲ್ಲ, ಫೋನು ಇಟ್ಟುಬಿಡು" ಎಂದರು. ನಾನು ಇಡಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಕಿವಿಗೆ ಒತ್ತಿಕೊಂಡೆ. ಒಂದು. ಸ್ವಲ್ಪ ಬಿಟ್ಟು ಇನ್ನೊಂದು. ಸ್ವಚ್ಛವಾದ, ದುಂಡನೆಯ ಸದ್ದು. ಬಂದೂಕಿನಿಂದ ಗುಂಡು ಸರಿಯಾಗಿ ಹಾರಿದರೆ ಹೀಗೆ ಕೇಳಿಸುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವತ್ತು ಊಟ ಮಾಡಿ ಮಲಗಿದವನನ್ನು ಎಬ್ಬಿಸಿದ್ದು ಹೆಂಡತಿ. ಕಿಟಕಿಯ ತುಂಬ ಬಿಸಿಲು. ಮಗಳ ಸ್ಕೂಲ್ ಬಸ್ ಆಗಲೇ ಹೋಗಿತ್ತು. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ನಿದ್ದೆಗಣ್ಣಿನಲ್ಲೇ ಫೋನಿಗೆ ಕೈಹಾಕಿ ಅಂಕಲ್ ನಂಬರು ತೆಗೆದೆ, ಬಂತು ಅಂತ ಹೇಳುವುದಕ್ಕೆ...